ಮಾವನನ್ನು ಕಂಡರೆ ನಾಚಿಕೆ

ನವ್ಯ ಮಂಚದ ಕೆಳಗೆ ಹೋಗಿ ಸೇರಿಕೊಂಡಾಗ ಎಲ್ಲರೂ ನಕ್ಕರು.

ಹೊರಗೆ ಸ್ಕೂಟರ್ ನಿಂತ ಸದ್ದು ಕೇಳಿದ ಕೂಡಲೇ ಅವಳು ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೆ ಹಾಕಿದಳು. ಓಡಲಿಲ್ಲ. ಮೆಲ್ಲಗೆ ಎದ್ದು, ಗೋಡೆಗೆ ಮೈ ತಾಗಿಸಿಕೊಂಡು ನಡೆದು, ಒಳಕೋಣೆಯ ಕಬ್ಬಿಣದ ಮಂಚದ ಕೆಳಗೆ ನುಸುಳಿ ರಾಗಿ ಮೂಟೆಯ ಹಿಂದೆ ಕುಳಿತಳು. ಆರು ವರ್ಷದ ಮಗು ಅಷ್ಟು ಸದ್ದಿಲ್ಲದೆ ಹೋಗಬಾರದು. ನಾನು ಆಗಷ್ಟೇ ಡೇರಿಯಿಂದ ಬಂದು, ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವಳು ಹೋದ ರೀತಿಯನ್ನು ಪೂರ್ತಿ ನೋಡಿದೆ.

"ಅಯ್ಯೋ ನೋಡ್ರೇ, ಮಾಮನ್ನ ಕಂಡ್ರೆ ನಾಚ್ಕೊಂತಾಳೆ!" ಎಂದಳು ಪಕ್ಕದ ಮನೆಯ ಅಶ್ವತ್ಥಮ್ಮ, ಹೂವು ಕಟ್ಟುತ್ತಾ ನನ್ನ ಕಡೆ ನೋಡಿ. "ಥೇಟ್ ಚಿಕ್ಕಮ್ಮನ ತರಾನೇ. ಶ್ಯಾಮಲಾನೂ ಇಂಗೇ ಅಲ್ವಾ ಮಾಡ್ತಿದ್ದಿದ್ದು? ಸುಬ್ರಮಣಿ ಬಂದ ಅಂದ್ರೆ ಸಾಕು, ಕೊಟ್ಟಿಗೆಗೆ ಓಡೋಳು."

"ಬರೀ ಓಡ್ತಿದ್ಲಾ? ಉಲ್ಲು ಮುಚ್ಕೊಂಡು ಮಲಿಕ್ಕೊಂಬಿಡೋಳು," ಎಂದಳು ನನ್ನ ಅಮ್ಮ ವೆಂಕಟರತ್ನಮ್ಮ. ಅವಳೂ ನಕ್ಕಳು.

ನಮ್ಮ ಕಡೆ ಹೆಣ್ಣುಮಗು ಸೋದರಮಾವನನ್ನು ಕಂಡು ಬಚ್ಚಿಟ್ಟುಕೊಂಡರೆ ಯಾರೂ ಅನುಮಾನಪಡುವುದಿಲ್ಲ. ಸೋದರಮಾವ ಎಂದರೆ ಕಟ್ಟಿಕೊಳ್ಳುವ ಹಕ್ಕಿರುವವನು. ಅವನಿಗೆ ಮದುವೆಯಾಗಿದ್ದರೂ, ತಲೆ ನರೆತಿದ್ದರೂ ಈ ತಮಾಷೆಗೆ ಅದು ಅಡ್ಡಿಯಲ್ಲ. ಹುಡುಗಿ ಹೆದರಿ ನಡುಗಿದರೂ ಅದಕ್ಕೆ ನಾಚಿಕೆ ಎಂದೇ ಹೆಸರು. ನಾನು ಒಂಬತ್ತು ವರ್ಷದವಳಿದ್ದಾಗಿನಿಂದ ನನಗೆ ಆ ಹೆಸರಿದೆ. ಈಗ ನನಗೆ ಇಪ್ಪತ್ಮೂರು. ಊರಿನಲ್ಲಿ ಯಾರನ್ನು ಕೇಳಿದರೂ, ಮುನಿಸ್ವಾಮಪ್ಪನ ಎರಡನೆಯ ಮಗಳಾ, ಪಾಪ ಬಲು ನಾಚಿಕೆ ಸ್ವಭಾವ ಎನ್ನುತ್ತಾರೆ.

ಆ ದಿನ ನವ್ಯಳಿಗೆ ಕಿವಿ ಚುಚ್ಚಿಸುವುದಿತ್ತು. ನನ್ನ ಅಕ್ಕ ಕಲಾಳ ಮಗಳು ಅವಳು. ಅಕ್ಕನ ಮನೆ ಬಂಗಾರಪೇಟೆಯಲ್ಲಿ. ಭಾವ ಗಿರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಇದ್ದುದರಿಂದ ಬಂದಿರಲಿಲ್ಲ. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ನಮಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅಮ್ಮನ ತಮ್ಮ ಸುಬ್ರಮಣಿಯೇ ನಮಗೂ ಮಾವ, ನವ್ಯಳಿಗೂ ಮಾವ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಗಂಡು ದಿಕ್ಕು ಎಂದರೂ ಅವನೇ. ಕಿವಿ ಚುಚ್ಚಿಸಿ, ಊಟ ಮಾಡಿ, ಸಂಜೆ ಅವನು ನವ್ಯಳನ್ನು ಸ್ಕೂಟರಿನಲ್ಲಿ ಕೋರಮಂಡಲ್‌ಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವನ ಮನೆಯಲ್ಲಿದ್ದುಕೊಂಡು ಇಂಗ್ಲಿಷ್ ಮೀಡಿಯಂ ಓದುವುದು. ಮಾರನೆಯ ದಿನವೇ ಅಡ್ಮಿಷನ್.

ನಾನೂ ಹಾಗೇ ಹೋಗಿದ್ದೆ. ನಾಲ್ಕನೆಯ ಕ್ಲಾಸಿಗೆ.

ಕೋರಮಂಡಲ್‌ನಲ್ಲಿ ಮಾವನದು ಚಿನ್ನದ ಗಣಿ ಕಾಲದ ಎರಡು ಕೋಣೆಯ ಕ್ವಾರ್ಟರ್ಸ್. ಗಾಳಿ ಬೀಸಿದರೆ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಹೊಸ್ತಿಲವರೆಗೆ ಬರುತ್ತಿತ್ತು. ಅತ್ತೆ ಸುಮಲತ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಗಿನ ರೈಲು. ಅವಳು ಡಬ್ಬಿ ಕಟ್ಟಿಕೊಂಡು, ಕತ್ತಲಲ್ಲೇ ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಟ ಸ್ವಲ್ಪ ಹೊತ್ತಿಗೆ ಸ್ಟೇಷನ್ ಕಡೆಯಿಂದ ರೈಲು ಕೂಗುತ್ತಿತ್ತು. ಆ ಕೂಗು ಕೇಳಿದ ಮೇಲೆ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಅವನು ಎದ್ದು ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ. ಮಗುವಿನ ಮೇಲೆ ದೊಡ್ಡವರು ಇಡಬಾರದ ಕೈ ಅವನದು. ನಾಲ್ಕು ವರ್ಷ. ಏಳನೆಯ ಕ್ಲಾಸಿನ ರಜೆಗೆ ಊರಿಗೆ ಬಂದವಳು, ವಾಪಸ್ ಹೋಗುವುದಿಲ್ಲ ಎಂದು ನಡುಮನೆಯ ಕಂಬ ತಬ್ಬಿಕೊಂಡು ಕೂತೆ. ಇವಳ ತಲೆಗೆ ಓದು ಹತ್ತುವುದಿಲ್ಲ ಎಂದರು. ಅಮ್ಮ ಯಾಕೆ ಎಂದು ಕೇಳಲಿಲ್ಲ.

ಈಗಲೂ ಬಂಗಾರಪೇಟೆಗೆ ಹೋದಾಗ ರೈಲು ಕೂಗಿದರೆ ನನ್ನ ಬೆರಳುಗಳು ತಣ್ಣಗಾಗುತ್ತವೆ. ಬಸ್ಸಿನಲ್ಲಿ ಗಂಡಸರ ಪಕ್ಕ ಸೀಟಿದ್ದರೂ ನಿಂತೇ ಹೋಗುತ್ತೇನೆ. ಮೂರು ಸಲ ಹೆಣ್ಣು ನೋಡಲು ಬಂದರು. ಮೂರು ಸಲವೂ ನನ್ನ ಕೈಯಲ್ಲಿ ಕಾಫಿ ಲೋಟಗಳು ಎಷ್ಟು ನಡುಗಿದವೆಂದರೆ, ಹುಡುಗಿಗೆ ಏನೋ ಕಾಯಿಲೆ ಇರಬೇಕೆಂದು ಹೊರಟುಹೋದರು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ಜೋರಾಗಿ ಓದಿ ಹೇಳಬೇಕು. ಊರವರು ಕೇಳಿರುವ ನನ್ನ ದನಿ ಅಷ್ಟೇ.

ಮಾವ ಒಳಗೆ ಬಂದ. ಬಿಳಿ ಶರ್ಟು, ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಸ್ವೀಟ್ ಡಬ್ಬಿ ಮತ್ತು ಹೊಸ ಫ್ರಾಕಿನ ಕವರು. ಬಾಯಲ್ಲಿ ಯಾವಾಗಿನಂತೆ ಲವಂಗ.

"ಎಲ್ಲಮ್ಮಾ ನಮ್ಮ ರಾಣಿ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಏನ್ ಡೇರಿ ಮೇಡಮ್ಮು, ಆಲಿಗೆ ನೀರು ಊಯ್ಯೋರನ್ನ ಇಡೀತಿದ್ದೀಯೋ ಇಲ್ಲಾ ನೀನೇ ಊಯ್ತಿದ್ದೀಯೋ?"

ಮತ್ತೆ ಎಲ್ಲರೂ ನಕ್ಕರು. ಅವನ ಮಾತಿಗೆ ಯಾವಾಗಲೂ ನಗುತ್ತಾರೆ.

"ಮಂಚದ ಕೆಳಗವ್ಳೆ ಕಣೋ ನಿನ್ನ ರಾಣಿ," ಎಂದಳು ಅಮ್ಮ. "ನಾಚಿಕೆ."

ಅವನು ಒಳಕೋಣೆಗೆ ಹೋಗಿ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕೈ ಚಾಚಿ ಮಂಚದ ಕೆಳಗೆ ಹಾಕಿದ. ಹಿಂದೆಯೇ ಹೋದ ನಾನು ಆ ಕೈಯನ್ನು ನೋಡಿದೆ. ಉಂಗುರ, ಅದರ ಮೇಲಿನ ಕೆಂಪು ಕಲ್ಲು, ಬೆರಳ ಗೆಣ್ಣಿನ ಕೂದಲು.

ನನ್ನ ಕ್ಯಾನು ಜಾರಿತು. ಜಾರಿತೋ, ನಾನೇ ಬಿಟ್ಟೆನೋ. ತಳದಲ್ಲಿ ಉಳಿದಿದ್ದ ಎರಡು ಲೋಟ ಹಾಲು ಅವನ ಪ್ಯಾಂಟಿನವರೆಗೆ ಹರಿಯಿತು. ಅವನು ಥತ್ ಎಂದು ಎದ್ದು ನಿಂತ.

"ಕಣ್ಣು ಎಲ್ಲಿಟ್ಟಿದ್ದೀಯೇ? ಒಳ್ಳೆ ದಿನದಲ್ಲಿ ಆಲು ಚೆಲ್ತೀಯಾ?" ಅಮ್ಮ ಅಡುಗೆಮನೆಯಿಂದ ಕೂಗಿದಳು.

ಅವನು ಪ್ಯಾಂಟು ತೊಳೆಯಲು ಹಿತ್ತಲಿಗೆ ಹೋದ. ನಾನು ಬಟ್ಟೆ ತಂದು ನೆಲ ಒರೆಸುವ ನೆಪದಲ್ಲಿ ಮಂಚದ ಕೆಳಗೆ ತೂರಿದೆ. ನವ್ಯ ಮೊಣಕಾಲಿನಲ್ಲಿ ಗಲ್ಲ ಊರಿ ಕೂತಿದ್ದಳು. ಅಳುತ್ತಿರಲಿಲ್ಲ. ಮೂಟೆಯ ಹೊಲಿಗೆಯ ದಾರವನ್ನು ಒಂದೊಂದೇ ಎಳೆ ಕೀಳುತ್ತಿದ್ದಳು.

"ನವ್ಯಾ," ಎಂದೆ.

ಅವಳು ದಾರದ ಮೇಲಿನ ಕಣ್ಣು ತೆಗೆಯಲಿಲ್ಲ. "ಚಿಕ್ಕಮ್ಮಾ, ಅತ್ತೆ ಇನ್ನೂ ರೈಲಿಗೆ ಓಗ್ತಾರಾ?"

ನಾನು ಒರೆಸುವುದನ್ನು ನಿಲ್ಲಿಸಿದೆ.

"ಅತ್ತೆ ರೈಲಿಗೆ ಓಗಲ್ಲ ಅಂದ್ರೆ ನಾನು ಓಗ್ತೀನಿ," ಎಂದಳು. "ಓಗೋದಾದ್ರೆ ಬೇಡ."

ಹೋದ ದಸರಾ ರಜೆಯಲ್ಲಿ ಅಕ್ಕ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದಳು. ಮಗುವನ್ನು ಒಂದು ವಾರ ಮಾವನ ಮನೆಯಲ್ಲಿ ಬಿಟ್ಟಿದ್ದರು. ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ನಿನಗೆ ಎರಡು ಹೊತ್ತು ಡೇರಿ, ಮನೆಯಲ್ಲಿ ಹಸು, ಹೇಗೆ ನೋಡಿಕೊಳ್ಳುತ್ತೀಯ ಎಂದಳು ಅಮ್ಮ. ಅವಳಿನ್ನೂ ಚಿಕ್ಕವಳು, ಇಷ್ಟು ವರ್ಷವಾಗಿದೆ, ಅವನೂ ಬದಲಾಗಿರಬಹುದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಏಳು ದಿನವೂ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಆ ವಾರವನ್ನು ನಾನು ಯಾರ ತಲೆಗೂ ಕಟ್ಟಲಾರೆ.

ಮಂಚದ ಕೆಳಗಿಂದ ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಪಾಯಸ ತಿರುಗಿಸುತ್ತಿದ್ದಳು.

"ಅಮ್ಮಾ, ನವ್ಯಾನ ಕೋರಮಂಡಲ್‌ಗೆ ಕಳಿಸ್ಬೇಡಮ್ಮ."

"ಯಾಕೆ?"

ಹನ್ನೊಂದು ವರ್ಷ ತಡವಾಗಿ ಬಂದಿತ್ತು ಆ ಪ್ರಶ್ನೆ. "ನಾನು ಅಲ್ಲಿದ್ದಾಗ..." ಎಂದೆ.

ಅಮ್ಮನ ಸೌಟು ಒಂದು ಕ್ಷಣ ನಿಂತಿತು. ತಿರುಗಿ ನನ್ನನ್ನು ನೋಡಲಿಲ್ಲ. ಸೌಟು ಮತ್ತೆ ತಿರುಗತೊಡಗಿತು, ಮೊದಲಿಗಿಂತ ಜೋರಾಗಿ.

"ನೀನು ಓದ್ಲಿಲ್ಲ ಅಂತ ಅವ್ಳೂ ಓದ್ಬಾರ್ದೇನೇ? ಓಗು, ಬಾಳೆಲೆ ತೊಳಿ."

ಬಾಳೆಲೆ ತೊಳೆದೆ. ಹತ್ತು ಎಲೆ. ಅಕ್ಕನನ್ನು ಒಬ್ಬಳನ್ನೇ ಹಿಡಿಯಬೇಕು ಎಂದುಕೊಂಡು ಹೋದರೆ, ಅವಳು ಆಗಲೇ ಮಗುವನ್ನು ಮಂಚದ ಕೆಳಗಿಂದ ಎಳೆದು ತಂದು, ಹೊಸ ಫ್ರಾಕು ಹಾಕಿ ತಲೆ ಬಾಚುತ್ತಿದ್ದಳು. ಪಕ್ಕದಲ್ಲೇ ಮಾವ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. "ನಗಮ್ಮಾ, ಸ್ವಲ್ಪ ನಗು," ಎನ್ನುತ್ತಿದ್ದ. ನವ್ಯ ಹಲ್ಲು ತೋರಿಸಿದಳು.

ಅಷ್ಟರಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ಕಿವಿ ಚುಚ್ಚುವ ಆದಿನಾರಾಯಣ ಆಚಾರಿ ಬಂದರು. ಅರವತ್ತು ದಾಟಿದವರು, ದಪ್ಪ ಕನ್ನಡಕ. ಬಗಲಲ್ಲಿ ತಮ್ಮದೇ ಮಣೆ. ಬೇರೆಯವರ ಮನೆಯ ಮಣೆಯ ಕಾಲು ಅಲ್ಲಾಡುತ್ತದೆ, ಸೂಜಿ ತಪ್ಪುತ್ತದೆ ಎಂದು ಎಲ್ಲಿಗೆ ಹೋದರೂ ಅದನ್ನು ಹೊತ್ತುಕೊಂಡೇ ಹೋಗುವವರು.

"ನೇರಮಾಚ್ಚು ಅಮ್ಮಾ, ಹೊತ್ತಾಯ್ತು, ಹನ್ನೊಂದರ ಒಳಗೆ ಮುಗಿಸಬೇಕು. ಆಮೇಲೆ ಕ್ಯಾಸಂಬಳ್ಳಿಯಲ್ಲಿ ಇನ್ನೊಂದು ಮಗು ಇದೆ," ಎಂದು ಮಣೆಯನ್ನು ನಡುಮನೆಯಲ್ಲಿ ಪೂರ್ವಕ್ಕೆ ಇಟ್ಟರು. ಹಿತ್ತಾಳೆ ಬಟ್ಟಲಿನ ಅರಿಶಿನ ನೀರಿನಲ್ಲಿ ಎರಡು ಚಿನ್ನದ ತಂತಿ ಹಾಕಿದರು. "ಸೋದರಮಾವ ಯಾರು? ಬನ್ನಿ ಸಾರ್, ಉಕ್ಕಾರುಂಗೋ, ಕೂತ್ಕೊಳ್ಳಿ."

ಮಾವ ಚಕ್ಕಂಬಕ್ಕಲ ಹಾಕಿ ಮಣೆಯ ಮೇಲೆ ಕೂತ. ಪ್ಯಾಂಟಿನ ಕೆಳಗೆ ಇನ್ನೂ ಒದ್ದೆಯಿತ್ತು. ತೊಡೆಯನ್ನು ಎರಡು ಸಲ ತಟ್ಟಿ, "ಬಾರಮ್ಮಾ," ಎಂದ.

ಎರಡು ಸಲ. ಆ ಸದ್ದನ್ನು ನಾನು ಹದಿನಾಲ್ಕು ವರ್ಷದ ಹಿಂದೆ ಕೇಳಿದ್ದೆ.

ಅಕ್ಕ ನವ್ಯಳ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದಳು. ಮಗು ಕಾಲು ಎತ್ತಲಿಲ್ಲ. ನೆಲದ ಮೇಲೆ ಹಿಮ್ಮಡಿ ಊರಿ ನಿಂತಳು. ತಳ್ಳಿದಷ್ಟೂ ಅವಳ ಸೊಂಟ ಮಾತ್ರ ಮುಂದೆ ಬರುತ್ತಿತ್ತು, ಪಾದ ಕದಲುತ್ತಿರಲಿಲ್ಲ.

"ಓಗೇ ಕಳ್ಳಿ, ಎಷ್ಟು ನಾಚ್ಕೊಂತೀಯಾ!" ಅಶ್ವತ್ಥಮ್ಮ ಗಟ್ಟಿಯಾಗಿ ನಕ್ಕಳು.

"ಅದು ನಾಚಿಕೆ ಅಲ್ಲ," ಎಂದೆ.

ಡೇರಿಯಲ್ಲಿ ಡಿಗ್ರಿ ಓದುವ ದನಿ ಅದು. ನನಗೆ ಇರುವುದು ಅದೊಂದೇ ಗಟ್ಟಿ ದನಿ. ಎಲ್ಲರೂ ನನ್ನ ಕಡೆ ತಿರುಗಿದರು.

"ಅವ್ಳಿಗೆ ಎದ್ರಿಕೆ," ಎಂದೆ. "ನಂಗೂ ಆವಾಗ ನಾಚಿಕೆ ಇರ್ಲಿಲ್ಲ. ಎದ್ರಿಕೆ ಇತ್ತು. ಈ ಮಾಮನ್ನ ಕಂಡ್ರೆ ಎದ್ರಿಕೆ."

ಮಾವ ನಕ್ಕ. "ಏನಮ್ಮಾ ಇದು, ಶುರು ಮಾಡಿದ್ಲಲ್ಲ? ಅಕ್ಕಾ, ಇದಕ್ಕೇ ನಾನು ಏಳಿದ್ದು, ಇವ್ಳಿಗೆ ಬೇಗ ಮದ್ವೆ ಮಾಡು ಅಂತ. ತಲೆ ಕೆಟ್ಟೋಗೈತೆ."

"ಶ್ಯಾಮಲಾ, ಬಾಯಿ ಮುಚ್ಚು," ಎಂದಳು ಅಮ್ಮ.

"ಕಲಕ್ಕಾ," ಎಂದೆ. ಅಕ್ಕನನ್ನು ಮಾತ್ರ ನೋಡಿದೆ. ಬೇರೆ ಯಾರನ್ನು ನೋಡಿದರೂ ಮಾತು ನಿಂತುಹೋಗುತ್ತಿತ್ತು. "ಅತ್ತೆ ರೈಲಿಗೆ ಓಗ್ತಾರಾ ಅಂತ ಇವ್ಳು ನನ್ನ ಕೇಳಿದ್ಲು. ಅತ್ತೆ ರೈಲಿಗೆ ಓದ್ಮೇಲೆ ಆ ಮನೇಲಿ ಏನಾಗುತ್ತೆ ಅಂತ ನಂಗೊತ್ತು. ನಾಲ್ಕು ವರ್ಷ ನಂಗೂ ಅದೇ ಆಯ್ತು. ನಾನು ಸ್ಕೂಲ್ ಬಿಟ್ಟಿದ್ದು ಅದಕ್ಕೇ. ದಸರಾದಲ್ಲಿ ಇವ್ಳನ್ನ ಬಿಟ್ಟಾಗ ನಾನು ಏಳ್ಬೇಕಿತ್ತು. ಏಳ್ಲಿಲ್ಲ. ಕಾಲಿಗೆ ಬೀಳ್ತೀನಿ, ಇವತ್ತು ಕಳಿಸ್ಬೇಡ."

ಹಿತ್ತಲಲ್ಲಿ ಹಸು ಗಂಟೆ ಅಲ್ಲಾಡಿಸಿತು. ಅಕ್ಕನ ಕೈ ಇನ್ನೂ ಮಗುವಿನ ಬೆನ್ನ ಮೇಲೇ ಇತ್ತು. ನನ್ನ ಮಾತನ್ನು ನಂಬಲಿ ಬಿಡಲಿ, ಅವಳ ಕೈ ಏನು ಮಾಡುತ್ತದೆ ಎಂಬುದೊಂದನ್ನೇ ನಾನು ನೋಡುತ್ತಿದ್ದೆ.

"ದಸರಾ ಆದ್ಮೇಲಿಂದ ಇವ್ಳು ಆಸಿಗೆ ಒದ್ದೆ ಮಾಡ್ತಾಳೆ," ಎಂದಳು ಅಕ್ಕ, ನಿಧಾನವಾಗಿ, ತನಗೆ ತಾನೇ ಹೇಳಿಕೊಂಡಂತೆ. "ಬಚ್ಚಲ ಬಾಗ್ಲು ಆಕಿದ್ರೆ ಕಿರುಚ್ತಾಳೆ. ನಾನು ಯಾರ ದೃಷ್ಟಿನೋ ಅಂತ ತಾಯತ ಕಟ್ಟಿಸ್ದೆ."

ಕೈ ಬೆನ್ನಿನಿಂದ ಜಾರಿ ಮಗುವಿನ ಕಂಕುಳಿಗೆ ಹೋಯಿತು. ಅಕ್ಕ ನವ್ಯಳನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಹಿಂದೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಮಗು ಕೈಯಲ್ಲಿದ್ದ ತಾಯತವನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು.

"ಇವ್ಳ ಮಾತು ಕಟ್ಕೊಂಡು ನೀನೂ ಕುಣಿತೀಯಾ ಕಲಾ?" ಮಾವನ ದನಿ ಈಗ ಬೇರೆಯಾಗಿತ್ತು. "ನಿಮ್ಮಪ್ಪನ್ನ ಆಸ್ಪತ್ರೆಗೆ ಒತ್ಕೊಂಡು ಓದೋನು ಯಾರು? ಮಣ್ಣು ಮಾಡ್ದೋನು ಯಾರು? ಮರ್ತೋಯ್ತಾ? ಆಚಾರೀ, ನೀವು ಸೂಜಿ ತೆಗೀರಿ. ಎಂಗಸ್ರ ಮಾತು ಇದು."

ಆಚಾರಿ ಸೂಜಿ ತೆಗೆಯಲಿಲ್ಲ. ಬಟ್ಟಲಿನಿಂದ ಎರಡು ತಂತಿಗಳನ್ನೂ ಎತ್ತಿ, ಪಂಚೆಯ ಅಂಚಿನಲ್ಲಿ ಒರೆಸಿ, ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಗೆ ಹಾಕಿದರು. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹೇಳಿದರು:

"ಎದ್ದೇಳಿ ಸಾರ್. ಮಣೆ ನಂದು."

ಮಾವ ಕೂತೇ ಇದ್ದ. ಆಚಾರಿ ಬಗ್ಗಿ ಮಣೆಯ ಅಂಚು ಹಿಡಿದು ನಿಂತರು. ಅವರು ಎಳೆಯಲಿಲ್ಲ, ಬಿಡಲೂ ಇಲ್ಲ. ಅವನು ಏಳಲೇಬೇಕಾಯಿತು. ಹೆಲ್ಮೆಟ್ ತೆಗೆದುಕೊಂಡು ಹೊಸ್ತಿಲು ದಾಟುವಾಗ ಅಮ್ಮನ ಕಡೆ ತಿರುಗಿ, "ನಾಳೆ ನನ್ನ ಬಾಗ್ಲಿಗೆ ಬರ್ಬೇಡಿ ಮತ್ತೆ. ಗಂಡು ದಿಕ್ಕಿಲ್ದೋರು," ಎಂದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೇಡ ಹೋಗಬೇಡ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಸ್ಕೂಟರಿನ ಸದ್ದು ಕ್ಯಾಸಂಬಳ್ಳಿ ರಸ್ತೆಗೆ ಸೇರಿ ಕರಗುವವರೆಗೂ ನಾವು ಯಾರೂ ಕೂರಲಿಲ್ಲ.

"ನಂಗೇನು ಗೊತ್ತಿತ್ತು?" ಎಂದಳು ಅಮ್ಮ. "ನಂಗೇನೂ ಗೊತ್ತಿರ್ಲಿಲ್ಲ."

ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಮಧ್ಯಾಹ್ನ ಅಕ್ಕ ಮಗುವನ್ನು ಕರೆದುಕೊಂಡು ಹೊಂಗೆ ಮರದ ಕೆಳಗೆ ಹೋಗಿ ಬಹಳ ಹೊತ್ತು ಕೂತಿದ್ದಳು. ವಾಪಸ್ ಬಂದಾಗ ಅವಳ ಮುಖ ಊದಿಕೊಂಡಿತ್ತು. ಫೋನ್ ತೆಗೆದು ಭಾವನಿಗೆ ಮಾಡಿದಳು. ಆಮೇಲೆ ಅಂಗನವಾಡಿ ಗೋಡೆಯ ಮೇಲೆ ಬರೆದಿರುವ ಮಕ್ಕಳ ಸಹಾಯವಾಣಿ ನಂಬರಿಗೆ ಮಾಡಿದಳು. ಆ ಕಡೆಯ ಹೆಂಗಸು ಅವಸರ ಮಾಡದೆ ಮಾತಾಡಿದಳು. ಮಗುವನ್ನು ಪದೇ ಪದೇ ಕೇಳಬೇಡಿ, ನಾಳೆ ರಾಬರ್ಟ್‌ಸನ್‌ಪೇಟೆಗೆ ಬನ್ನಿ, ಪೊಲೀಸ್ ಸ್ಟೇಷನ್ನಿಗೆ ನಾನೂ ಜೊತೆಗೆ ಬರುತ್ತೇನೆ ಎಂದಳು. ಬೇರೆ ಯಾರಿಗಾದರೂ ಹೀಗಾಗಿದೆಯೇ ಎಂದು ಕೇಳಿದಳು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ಹೆಸರು ಹೇಳಮ್ಮಾ," ಎಂದಿತು ಫೋನು.

ಹೇಳಿದೆ. ಆಗ ನಿನ್ನ ವಯಸ್ಸೆಷ್ಟು ಎಂದರು. ಅದನ್ನೂ ಹೇಳಿದೆ. ಮಾವನ ಮನೆಯಲ್ಲಿ ಇದ್ದುದಕ್ಕೆ ಏನಾದರೂ ದಾಖಲೆ ಇದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ ಎಂದರು. ದಾಖಲೆ ಏನಿರುತ್ತದೆ ಎಂದು ನಾನು ಜೋರಾಗಿ ಕೇಳಿದ್ದು ಅಡುಗೆಮನೆಯವರೆಗೂ ಕೇಳಿರಬೇಕು.

ಸಂಜೆ ಡೇರಿಗೆ ಹೋದೆ. ಸುದ್ದಿ ಊರು ಸುತ್ತಿತ್ತು. ಕೆಲವರು ನನ್ನ ಮುಖ ನೋಡದೆ ಕ್ಯಾನು ಇಟ್ಟು ಹೋದರು. ಕೊನೆಯಲ್ಲಿ ಅಶ್ವತ್ಥಮ್ಮ ಬಂದಳು. ಹಾಲು ಸುರಿದು, ಖಾಲಿ ತಂಬಿಗೆ ಹಿಡಿದು ಅಲ್ಲೇ ನಿಂತಳು. ಅವಳಿಗೆ ಅರವತ್ತೆರಡೋ ಅರವತ್ಮೂರೋ.

"ನಂಗೆ ಎಂಟು ವರ್ಷ," ಎಂದಳು. "ನಮ್ಮ ಚಿಕ್ಕಪ್ಪ."

ನಾನು ಲ್ಯಾಕ್ಟೋಮೀಟರನ್ನು ಕೆಳಗಿಟ್ಟೆ.

"ಇದುವರ್ಗೂ ಯಾರ್ಗೂ ಏಳಿಲ್ಲ ಕಣೇ. ಗಂಡನ್ಗೂ ಏಳಿಲ್ಲ. ನೀನು ಕೊಟ್ಟಿಗೇಲಿ ಬಚ್ಚಿಟ್ಕೊಂಡಾಗೆಲ್ಲ ನಾನೇ ಎಲ್ಲಾರ್ಗಿಂತ ಜೋರಾಗಿ ನಗ್ತಿದ್ದೆ. ಯಾಕೆ ನಗ್ತಿದ್ದೆ ಅಂತ ಗೊತ್ತಾಗ್ತಿಲ್ಲ." ಸೆರಗಿನಿಂದ ತಂಬಿಗೆಯ ಒಳಗೆ ಒರೆಸಿದಳು. ಅದು ಆಗಲೇ ಒಣಗಿತ್ತು. "ನಾಳೆ ಯಾವ ಬಸ್ಸು?"

"ಏಳೂವರೆ."

"ಬತ್ತೀನಿ. ಮಗೂನ ಎತ್ಕೊಳ್ಳಾಕೆ ಒಬ್ರು ಬೇಕಲ್ಲ."

ಬೆಳಗ್ಗೆ ನಾವು ಹೊರಟಾಗ ಅಮ್ಮ ಹಸುವಿನ ಹಾಲು ಕರೆಯುತ್ತಿದ್ದಳು. ಹಿಂದಿನ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ದೂರದಲ್ಲಿ ಅವಳು ಬರುವುದು ಕಾಣಿಸಿತು. ಬರಿಗಾಲು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಊಟದ ಬುತ್ತಿ ಇರಬೇಕು ಎಂದುಕೊಂಡೆ. ಹತ್ತಿರ ಬಂದು ಅದನ್ನು ನನ್ನ ಕೈಗಿಟ್ಟು, "ಟ್ರಂಕಲ್ಲಿತ್ತು," ಎಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ. ನವ್ಯಳ ಕೆನ್ನೆ ಮುಟ್ಟಿ, ಬಂದ ದಾರಿಯಲ್ಲೇ ಬೇಗ ಬೇಗ ನಡೆದಳು.

ಬಸ್ಸಿನಲ್ಲಿ ಕೂತ ಮೇಲೆ ಕವರು ಬಿಚ್ಚಿದೆ. ಮಡಿಕೆಯಲ್ಲಿ ಹರಿದ ಹಳೆಯ ಕಾಗದ. ನನ್ನ ಶಾಲೆಯ ಟೀಸಿ. ಸೇರಿದ ತಾರೀಕು, ಬಿಟ್ಟ ತಾರೀಕು. ಶಾಲೆ ಬಿಡಲು ಕಾರಣ: ಓದಿನಲ್ಲಿ ಆಸಕ್ತಿ ಇಲ್ಲ. ವಿಳಾಸ ಕೋರಮಂಡಲ್‌ನದು. ಕೆಳಗೆ ಪೋಷಕರ ಸಹಿ ಇರಬೇಕಾದ ಜಾಗದಲ್ಲಿ ಮಾವನ ಸಹಿ.

ಹನ್ನೊಂದು ವರ್ಷ ಅಮ್ಮ ಅದನ್ನು ಯಾಕೆ ಎತ್ತಿಟ್ಟಿದ್ದಳು ಎಂದು ನನಗೆ ಗೊತ್ತಿಲ್ಲ. ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ. ನವ್ಯ ಅಶ್ವತ್ಥಮ್ಮನ ತೊಡೆಯ ಮೇಲೆ ಕೂತು, ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ದೂರದಲ್ಲಿ ಬಿಳಿ ದಿಬ್ಬಗಳು ಕಾಣತೊಡಗಿದಾಗ ತಿರುಗಿ ನನ್ನನ್ನು ಕೇಳಿದಳು:

"ಚಿಕ್ಕಮ್ಮಾ, ನಾವು ಅಲ್ಲಿಗೆ ಓಗ್ತಿದ್ದೀವಾ?"

"ಇಲ್ಲ," ಎಂದೆ. "ಅಲ್ಲಿಗೆ ನೀನು ಓಗಲ್ಲ."